ಕಮ್ಮಾರನ ಹತ್ತೊಂಬತ್ತನೇ ಸುತ್ತು

ಜೂನ್ 3, ಮಂಗಳವಾರ

ಇವರ ಬಲಗಣ್ಣಿನ ಆಪರೇಷನ್ ಆಯಿತು. ಒಳಗಿನ ಪರದೆ ಕಳಚಿಕೊಂಡಿತ್ತಂತೆ, ತೇವಕ್ಕೆ ಗೋಡೆಯ ಸುಣ್ಣ ಎದ್ದುಬಂದ ಹಾಗೆ. ಅದನ್ನು ಮತ್ತೆ ಅಂಟಿಸಿ, ಒತ್ತಿ ಹಿಡಿಯಲು ಕಣ್ಣಿನೊಳಗೆ ಒಂದು ಗಾಳಿಗುಳ್ಳೆ ಬಿಟ್ಟಿದ್ದಾರೆ. ಗುಳ್ಳೆ ಯಾವಾಗಲೂ ಮೇಲಕ್ಕೇ ಏರುತ್ತದೆ. ಅದು ಸರಿಯಾದ ಜಾಗಕ್ಕೆ ಒತ್ತಬೇಕಾದರೆ ಇವರು ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಊಟಕ್ಕೆ, ಬಚ್ಚಲಿಗೆ ಏಳಬಹುದು. ಉಳಿದ ಹೊತ್ತೆಲ್ಲ ಬೋರಲು. ಎರಡು ವಾರ.

ಓದುವ ಹಾಗಿಲ್ಲ, ಟಿವಿ ಇಲ್ಲ, ಫೋನಿನ ಪರದೆ ಇಲ್ಲ. ಒಂದು ಕಣ್ಣು ಓಡಿದರೆ ಇನ್ನೊಂದೂ ಅದರ ಜೊತೆ ಓಡುತ್ತದಂತೆ.

ನಮ್ಮ ಹೊಲಿಗೆ ಯೂನಿಟ್ಟಿನಿಂದ ದಪ್ಪ ಸ್ಪಂಜು ತಂದು ಕುದುರೆ ಲಾಳದ ಆಕಾರಕ್ಕೆ ಕತ್ತರಿಸಿದೆ. ದಿನವಿಡೀ ಶಾಲೆ, ಆಸ್ಪತ್ರೆಗಳ ಯೂನಿಫಾರಂ ಬಟ್ಟೆ ಕತ್ತರಿಸುವ ನನಗೆ ಅದೇನು ದೊಡ್ಡದಲ್ಲ. ಮಂಚದ ತುದಿಗೆ ಸ್ಟೂಲು, ಸ್ಟೂಲಿನ ಮೇಲೆ ಸ್ಪಂಜು, ಸ್ಪಂಜಿನೊಳಗೆ ಇವರ ಮುಖ. ಮೂಗಿಗೆ ಗಾಳಿ ಆಡುತ್ತದೆ. "ಸರಿಯಾಗಿದೆಯಾ?" ಅಂದೆ. "ಹೂಂ" ಅಂದರು.

ಹನಿ ಔಷಧಿ ಮೂರು ಬಗೆ. ಹಾಕಿದ ಹೊತ್ತು ಬರೆದಿಡಿ ಎಂದು ನರ್ಸ್ ಹೇಳಿದ್ದಕ್ಕೆ ಹಳೆಯ ಡೈರಿ ಹುಡುಕಿ ತೆಗೆದೆ. ಹನಿಯ ಲೆಕ್ಕ ಕೊನೆಯ ಪುಟದಲ್ಲಿದೆ. ಇಷ್ಟೊಂದು ಪುಟ ಖಾಲಿ ಬಿದ್ದಿವೆಯಲ್ಲ ಎಂದು ಇದನ್ನೂ ಬರೆಯುತ್ತಿದ್ದೇನೆ.

ಜೂನ್ 5, ಗುರುವಾರ

ರಜೆ ಹಾಕಿಲ್ಲ. ಯೂನಿಟ್ ಹತ್ತಿರವೇ ಇದೆ, ಮಧ್ಯಾಹ್ನ ಬಂದು ಊಟ ಕೊಟ್ಟು ಹನಿ ಹಾಕಿ ಹೋಗುತ್ತೇನೆ. ಇವತ್ತು ಬಂದಾಗ ಇವರು ನೆಲವನ್ನೇ ನೋಡುತ್ತ, "ಇಲ್ಲೊಂದು ಟೈಲ್ಸ್ ಸೊಟ್ಟಗೆ ಕೂತಿದೆ" ಎಂದರು. ಆಸ್ಪತ್ರೆಯಿಂದ ಬಂದ ಮೇಲೆ ತಾವಾಗಿ ಆಡಿದ ಮೊದಲ ಮಾತು.

ನಮ್ಮಿಬ್ಬರ ನಡುವೆ ಮಾತು ಕಡಿಮೆ. ಜಗಳವೇನೂ ಇಲ್ಲ. ಮಗಳು ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ಮಾತಾಡಬೇಕಾದ ವಿಷಯಗಳು ಒಂದೊಂದೇ ಮುಗಿದವು. ಇವರು ಹಗಲು ಕಬ್ಬಿಣದ ಗೋದಾಮಿನಲ್ಲಿ ಕ್ರೇನಿನ ಕ್ಯಾಬಿನ್ನಿನೊಳಗೆ, ಸಂಜೆ ಕಂಪ್ಯೂಟರ್ ಮುಂದೆ, ಅದೇನೋ ಬಾಕ್ಸಿಂಗ್ ಆಟ. ನಾನು ಅಡುಗೆಮನೆಯಲ್ಲಿ, ಆಮೇಲೆ ನಿದ್ದೆ.

ಸಂಜೆ ಮತ್ತೆ ಬಾಯಿಬಿಟ್ಟರು.

"ಬಾಕ್ಸಿಂಗ್ ನಿಂತುಹೋಗಿದೆ. ಮೇಷ್ಟ್ರು ಕಾಯ್ತಿರ್ತಾರೆ."

"ಕಾಯ್ಲಿ ಬಿಡಿ. ಕಣ್ಣಿಗಿಂತ ದೊಡ್ಡದಾ ಅದು?"

"ನೀನು ಓದಿ ಹೇಳಿದ್ರೆ ಆಗುತ್ತೆ" ಎಂದರು, ಸ್ಪಂಜಿನೊಳಗಿಂದ.

ನಾನು ಪಾತ್ರೆ ತೊಳೆಯಲು ಎದ್ದು ಹೋದೆ.

ಜೂನ್ 7, ಶನಿವಾರ

ಓದಿದೆ. ಮತ್ತೇನು ಮಾಡುವುದು, ಮನುಷ್ಯ ಇಡೀ ದಿನ ಟೈಲ್ಸ್ ಎಣಿಸುತ್ತಿದ್ದರೆ ನೋಡುವುದಾದರೂ ಹೇಗೆ.

ಆಟ ಇಷ್ಟು. ಕಂಪ್ಯೂಟರಿನೊಳಗೆ ಒಂದು ಹಳೇ ಕಾಲದ ಬಾಕ್ಸಿಂಗ್ ಲೋಕ. ಅಲ್ಲಿ ಈಗ ಸಾವಿರದ ಒಂಬೈನೂರ ಏಳನೇ ಇಸವಿ. ತೆಳು ಗ್ಲೌಸು, ನಲವತ್ತೈದು ಸುತ್ತು, ತೀರ್ಪು ಹೇಳಲು ಒಬ್ಬನೇ ರೆಫರಿ. ಇರುವುದೆಲ್ಲ ಲೈಟ್‌ವೇಟ್ ಬಾಕ್ಸರುಗಳು, ಅಂದರೆ ಸಣ್ಣ ಮೈಕಟ್ಟಿನವರು. ಒಬ್ಬರೂ ನಿಜವಾದವರಲ್ಲ. ಅರ್ಧ ಜನ ಇವರ ಕಡೆ, ಅರ್ಧ ಜನ ಮೇಷ್ಟ್ರ ಕಡೆ. ಮೇಷ್ಟ್ರು ಅಂದರೆ ಎಲ್ಲೋ ದೂರದ ಊರಿನ ನಿವೃತ್ತ ಲೆಕ್ಕದ ಮೇಷ್ಟ್ರು. ವರ್ಷಗಟ್ಟಲೆ ಒಟ್ಟಿಗೆ ಆಡಿದ್ದಾರೆ, ಒಬ್ಬರ ಮುಖ ಒಬ್ಬರು ನೋಡಿಲ್ಲ. ಪಂದ್ಯವನ್ನು ಕಂಪ್ಯೂಟರೇ ಆಡಿಸುತ್ತದೆ. ನಾವು ಮಧ್ಯೆ ಮಧ್ಯೆ "ಮುನ್ನುಗ್ಗು", "ಕಾದು ನೋಡು", "ದೂರವಿರು" ಎಂದು ಮೂರರಲ್ಲಿ ಒಂದು ಹೇಳಬಹುದು, ಅಷ್ಟೆ. ಮುಗಿದ ತಕ್ಷಣ ಫಲಿತಾಂಶ ತಾನಾಗಿ ಮೇಷ್ಟ್ರಿಗೂ ಹೋಗುತ್ತದೆ.

ಪಟ್ಟ ಇರುವುದು ಇವರ ಕಡೆಯ ಕಮ್ಮಾರ ಎಂಬುವನ ಬಳಿ. ಬಹಳ ಕಾಲದಿಂದ ಅವನೇ ಚಾಂಪಿಯನ್. ಅವನ ಹೆಸರು ಹೇಳುವಾಗ ಇವರ ದನಿ ಮಗಳ ಮಾರ್ಕ್ಸ್ ಹೇಳುವಾಗ ಇರುತ್ತಿತ್ತಲ್ಲ, ಹಾಗಾಗುತ್ತದೆ.

ಇವತ್ತಿನದು ಇಬ್ಬರು ಸಣ್ಣಪುಟ್ಟವರ ಪಂದ್ಯ. ನೆಲದ ಮೇಲೆ ಕೂತು, ಬಸ್ಸಿನ ವೇಳಾಪಟ್ಟಿ ಓದುವ ಹಾಗೆ ಓದಿದೆ. "ಸುತ್ತು ಮೂರು. ಹೊಡೆತ ಹದಿನೆಂಟು. ತಾಗಿದ್ದು ಆರು." ಇಪ್ಪತ್ತು ಸುತ್ತು ಆಗುವಷ್ಟರಲ್ಲಿ ನನಗೆ ಆಕಳಿಕೆ.

"ಯಾರು ಗೆಲ್ತಿದಾರೆ ಅಂತ ಗೊತ್ತಾಗ್ತಿದೆಯಾ ನಿಂಗೆ?" ಎಂದು ಕೇಳಿದರು.

"ನಂಗೇನು ಗೊತ್ತಾಗುತ್ತೆ, ಯಾರೋ ಯಾರಿಗೋ ಹೊಡೀತಿದಾರೆ."

ನಕ್ಕರು. ಬೋರಲು ಮಲಗಿ ನಕ್ಕರೆ ಮಂಚವೇ ಅಲುಗಾಡುತ್ತದೆ. ನಗಬೇಡಿ, ಗುಳ್ಳೆ ಒಡೆದುಹೋದೀತು ಎಂದು ಗದರಿದೆ.

ಜೂನ್ 9, ಸೋಮವಾರ

ಆಸ್ಪತ್ರೆಯ ಕೋಟುಗಳ ದೊಡ್ಡ ಆರ್ಡರ್. ಕೈ ಸೋತಿದೆ. ಸಂಜೆ ಒಂದು ಪಂದ್ಯ ಓದಿದೆ. ಏಟು ತಿಂದು ಬಿದ್ದವನು ಎದ್ದು ಗೆದ್ದ. ಅಂಥವನ ಮುಂದೆ ಕೈ ಸೋತಿದೆ ಎಂದು ಹೇಳಿಕೊಳ್ಳುವುದು ಹೇಗೆ ಎನ್ನಿಸಿತು.

ಜೂನ್ 10, ಮಂಗಳವಾರ

ಡಾಕ್ಟರ ಬಳಿ ಹೋಗಿದ್ದೆವು. ಟ್ಯಾಕ್ಸಿಯಲ್ಲಿ ಇವರು ಮೊಣಕಾಲಿಗೆ ಹಣೆ ಹಚ್ಚಿ ಕೂತಿದ್ದರು. ಡ್ರೈವರ್ ಕನ್ನಡಿಯಲ್ಲಿ ನೋಡಿ ನೋಡಿ, "ವಾಂತಿ ಬರೋ ಹಾಗಿದ್ರೆ ಹೇಳಿಬಿಡಿ ಸಾರ್" ಎಂದ.

ಪರೀಕ್ಷೆ ಮುಗಿದು, ನರ್ಸ್ ಇವರನ್ನು ಹೊರಗೆ ಕರೆದುಕೊಂಡು ಹೋದ ಮೇಲೆ ಡಾಕ್ಟರು ನನ್ನನ್ನು ನಿಲ್ಲಿಸಿದರು. ಪರದೆಯ ಮೇಲೆ ಗಾಯದ ಕಲೆ ಕಟ್ಟುತ್ತಿದೆಯಂತೆ. ಅದು ಎಳೆದರೆ ಪರದೆ ಮತ್ತೆ ಏಳಬಹುದು, ಇನ್ನೊಂದು ಆಪರೇಷನ್ ಬೇಕಾಗಬಹುದು, ಆಮೇಲೂ ಪೂರ್ತಿ ದೃಷ್ಟಿ ಬರುವುದು ಕಷ್ಟ.

"ಈಗಲೇ ಹೇಳಿ ಅವರನ್ನ ಗಾಬರಿ ಮಾಡ್ಬೇಡಿ. ಇಪ್ಪತ್ತನೇ ತಾರೀಕು ನೋಡ್ಕೊಂಡು ನಾನೇ ಹೇಳ್ತೀನಿ, ಅಲ್ಲೀವರೆಗೂ ಬೋರಲೇ ಇರ್ಲಿ."

ಹೊರಗೆ ಬಂದಾಗ ಇವರು ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. "ಏನಂದ್ರು?"

"ಹನಿ ಮುಂದುವರಿಸಿ ಅಂದ್ರು" ಎಂದೆ.

ಜೂನ್ 11, ಬುಧವಾರ

ಇವತ್ತು ಪಟ್ಟದ ಪಂದ್ಯ. ಕಮ್ಮಾರನ ಎದುರು ಮೇಷ್ಟ್ರ ಇಲಿ. ಇಲಿ ಹೊಸಬ, ಚಿಕ್ಕವನು, ಒಂದು ಕಡೆ ನಿಲ್ಲುವುದಿಲ್ಲ. ಬೆಳಿಗ್ಗೆಯಿಂದಲೇ ಇವರಿಗೆ ಚಡಪಡಿಕೆ. ಕೆಲಸದಿಂದ ಬಂದವಳು ಕೈಕಾಲು ತೊಳೆದು ನೇರ ನೆಲದ ಮೇಲೆ ಕೂತೆ.

ಮೊದಲ ಹತ್ತು ಸುತ್ತು ಕಮ್ಮಾರನದೇ. ಅವನು ಓಡಾಡುವವನಲ್ಲ, ನಿಂತಲ್ಲೇ ನಿಂತು, ಎದುರಿನವ ಹತ್ತಿರ ಬಂದಾಗ ಸುತ್ತಿಗೆ ಬೀಸಿದ ಹಾಗೆ ಒಂದೇ ಒಂದು ಹೊಡೆಯುತ್ತಾನೆ. ಹತ್ತರಲ್ಲಿ ಇಲಿ ಒಂದು ಮಂಡಿ ಊರಿದ. ಇವರು ಮಂಚಕ್ಕೆ ಗುದ್ದಿದರು.

ಹದಿನಾಲ್ಕನೇ ಸುತ್ತಿನ ಕೊನೆಗೆ ಒಂದು ಸಾಲು ಬಂತು: "ಗಾಯ: ಕಮ್ಮಾರ, ಕಣ್ಣು." ಎಡಗಣ್ಣೋ ಬಲಗಣ್ಣೋ ಬರೆದಿರಲಿಲ್ಲ.

ಅದನ್ನು ಓದಲು ನಾಲಿಗೆ ಹೊರಳಲಿಲ್ಲ. ಒಂದು ಸಾಲು ತಾನೆ, ಬಿಟ್ಟರೆ ಏನಾದೀತು ಎಂದುಕೊಂಡು ಬಿಟ್ಟೆ.

"ಹದಿನಾಲ್ಕರಲ್ಲಿ ಯಾರು?" ಕೇಳಿದರು.

"ಸಮಸಮ."

"ಹಾಗಾದ್ರೆ ಮುನ್ನುಗ್ಗು ಅಂತ ಹಾಕು. ಈಗ ಬಿಡಬಾರ್ದು."

ಹಾಕಿದೆ. ಹದಿನೈದು, ಹದಿನಾರು, ಹದಿನೇಳು. ಇಲಿ ಹೊಡೆದದ್ದೆಲ್ಲ ತಾಗುತ್ತಿತ್ತು, ಕಮ್ಮಾರನದು ಒಂದೂ ತಾಗುತ್ತಿರಲಿಲ್ಲ. ಪ್ರತಿ ಸುತ್ತಿನ ಕೊನೆಗೂ ಅದೇ ಸಾಲು, ಒಂದೊಂದು ಮಾತು ಹೆಚ್ಚಾಗಿ. ರಕ್ತ. ಊತ. ನಾನು ಸಂಖ್ಯೆಗಳನ್ನು ಅದಲುಬದಲು ಮಾಡಿ ಓದತೊಡಗಿದೆ. ಹತ್ತೊಂಬತ್ತನೇ ಸುತ್ತು: "ಕಮ್ಮಾರನ ಕಣ್ಣು ಮುಚ್ಚಿದೆ. ರೆಫರಿ ಪಂದ್ಯ ನಿಲ್ಲಿಸಿದ. ಹೊಸ ಚಾಂಪಿಯನ್: ಇಲಿ."

ಇವರು ಕಾಯುತ್ತಿದ್ದರು. ಸ್ಟೂಲಿನ ಕಾಲು ಹಿಡಿದ ಕೈ ಬಿಗಿಯಾಗಿತ್ತು.

"ಬಿದ್ದ" ಎಂದೆ.

"ಯಾರು?"

"ಇಲಿ. ಇಲಿ ಬಿದ್ದ. ಏಳಲಿಲ್ಲ. ನಾಕ್‌ಔಟ್."

ಇನ್ನೂ ಏನೋ ಕೇಳಿಸಬೇಕು ಎನ್ನುವ ಹಾಗೆ ಕಿವಿಯನ್ನು ಕಂಪ್ಯೂಟರ್ ಕಡೆ ಹೊರಳಿಸಿದರು. ಆಮೇಲೆ ಮೆಲ್ಲಗೆ, "ಭಲೇ ಕಮ್ಮಾರ" ಎಂದರು.

ಜೂನ್ 12, ಗುರುವಾರ

ಬೆಳಿಗ್ಗೆಯೇ ಮೇಷ್ಟ್ರ ಫೋನ್. ಪುಣ್ಯಕ್ಕೆ ಫೋನ್ ನನ್ನ ಕೈಯಲ್ಲಿತ್ತು. ಎತ್ತಿಕೊಂಡು ಮೆಟ್ಟಿಲ ಬಳಿ ಹೋದೆ.

"ನಮ್ಮ ಇಲಿ ಪಟ್ಟ ಏರಿದ! ಎಲ್ಲಿ, ಅವರಿಗೆ ಕೊಡಿ, ಸ್ವಲ್ಪ ಕಿಚಾಯಿಸ್ತೀನಿ" ಎಂದರು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಡಾಕ್ಟರು ಹೇಳಿದ್ದನ್ನೂ.

"ನೋಡಿ ತಂಗಿ, ಈ ಆಟದಲ್ಲಿ ನಾವು ಒಂದೇ ಒಂದು ಸುತ್ತನ್ನೂ ಮತ್ತೆ ಆಡಿಸಿಲ್ಲ. ನನ್ನವನು ಮೊದಲನೇ ನಿಮಿಷಕ್ಕೇ ಮಕಾಡೆ ಬಿದ್ದಾಗ್ಲೂ ಬಿದ್ದ ಅಂತಾನೇ ಬರ್ಕೊಂಡಿದೀವಿ."

"ಇನ್ನೊಂದು ವಾರದ ಮಟ್ಟಿಗೆ, ಮೇಷ್ಟ್ರೇ. ದಮ್ಮಯ್ಯ."

"ನಾನು ಸುಳ್ಳು ಹೇಳೋದಿಲ್ಲ" ಎಂದರು. "ಫೋನ್ ಎತ್ತೋದಿಲ್ಲ, ಅಷ್ಟೇ ನನ್ನ ಕೈಲಾಗೋದು."

ಜೂನ್ 14, ಶನಿವಾರ

ಇವರು ಮೇಷ್ಟ್ರಿಗೆ ಮೇಲಿಂದ ಮೇಲೆ ಫೋನ್ ಮಾಡಿಸಿದರು. ರಿಂಗ್ ಆಗುತ್ತದೆ, ಎತ್ತುವುದಿಲ್ಲ.

"ಸೋತಿದ್ದಕ್ಕೆ ಮುನಿಸ್ಕೊಂಡಿದಾರೆ. ವಯಸ್ಸಾದ ಮೇಲೆ ಹೀಗೇ" ಎಂದರು. ಆಮೇಲೆ ಸಂಜೆ, "ಹುಷಾರಿಲ್ವೋ ಏನೋ ಪಾಪ" ಎಂದು ಪೇಚಾಡಿಕೊಂಡರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕಮ್ಮಾರನಿಗೆ ಮುಂದಿನ ಪಂದ್ಯ ಬೇಕಂತೆ. ಎಲ್ಲಿಂದ ತರಲಿ? ಪಟ್ಟವೇ ಅವನ ಬಳಿ ಇಲ್ಲ. ಲ್ಯಾಪ್‌ಟಾಪ್ ತೆರೆದು, ಯೂನಿಟ್ಟಿನ ಅಳತೆಯ ಚಾರ್ಟು ಮುಂದಿಟ್ಟುಕೊಂಡು, ಬಾಯಿಗೆ ಬಂದದ್ದು ಹೇಳಿದೆ. ಎದುರಾಳಿಗೆ ಒಬ್ಬ ಹಡಗಿನ ಕೂಲಿಯವನನ್ನು ಹುಟ್ಟಿಸಿದೆ. ಎಡಗೈಯವನು, ಬಾಯಲ್ಲಿ ಮುಂದಿನ ಎರಡು ಹಲ್ಲಿಲ್ಲ, ಹೊಡೆಯುವ ಮೊದಲು ಮೂಗು ಸೀಟುತ್ತಾನೆ. ಇಪ್ಪತ್ತೇಳು ಸುತ್ತು ಎಳೆದೆ.

"ಮೂಗು ಸೀಟೋದನ್ನೂ ಬರೀತಾ ಅದು?"

"ಹೂಂ. ಹೊಸ ಥರ ಬರೀತಿದೆ."

"ಒಳ್ಳೇದು, ಒಳ್ಳೇದು" ಎಂದರು.

ಜೂನ್ 16, ಸೋಮವಾರ

ಗೋದಾಮಿನ ಸೂಪರ್‌ವೈಸರ್ ಫೋನ್. ಸ್ಪೀಕರ್ ಹಾಕಿ ಇವರ ಕಿವಿಯ ಹತ್ತಿರ ಇಟ್ಟೆ. ಲಾರಿ ತೂಕದ ಕಟ್ಟೆಯಲ್ಲಿ ಕೂತು ಮಾಡುವ ಕೆಲಸ ಒಂದು ಖಾಲಿಯಾಗಿದೆ, ಬೇಕಾದರೆ ನಿಮಗೇ ಇಡುತ್ತೇನೆ, ಕಣ್ಣಿಗೆ ಶ್ರಮವಿಲ್ಲ ಎಂದರು ಪಾಪ.

"ಬೇಡ ಸಾರ್, ಬೇರೆ ಯಾರಿಗಾದ್ರೂ ಕೊಡಿ. ತಿಂಗಳಲ್ಲಿ ಕ್ಯಾಬಿನ್ ಹತ್ತುತ್ತೀನಿ" ಎಂದರು ಇವರು.

ನಾನು ಪಕ್ಕದಲ್ಲೇ ನಿಂತಿದ್ದೆ. ಡಾಕ್ಟರೇ ಹೇಳುತ್ತೇನೆ ಎಂದಿದ್ದಾರಲ್ಲ.

ಫೋನ್ ಇಟ್ಟ ಮೇಲೆ ಇವರಿಗೆ ಹುರುಪು. ಕ್ರೇನಿನ ವಿಷಯ ಹೇಳಿದರು, ಕೇಳದೆಯೇ. ಮೇಲಿನಿಂದ ನೋಡಿದರೆ ಕೆಳಗಿನವರ ಹೆಲ್ಮೆಟ್ಟುಗಳು ಕಾಣುತ್ತವಂತೆ, ಮುಖ ಅಲ್ಲ. ಯಾರ ಹೆಲ್ಮೆಟ್ ಯಾವುದು ಎಂದು ನಡಿಗೆಯಲ್ಲೇ ಗೊತ್ತಂತೆ. ಕೊಕ್ಕೆ ಇಳಿಸುವಾಗ ಎರಡು ಕಣ್ಣೂ ಬೇಕು, ಒಂದು ಮುಚ್ಚಿದರೆ ನೆಲ ಎಷ್ಟು ದೂರ ಎಂದು ತಿಳಿಯುವುದಿಲ್ಲವಂತೆ. ಇಷ್ಟು ವರ್ಷ ಇದೇ ಕೆಲಸ ಮಾಡಿದ್ದಾರೆ, ನನಗೆ ಇದೊಂದೂ ಗೊತ್ತಿರಲಿಲ್ಲ. ಕೇಳುತ್ತ ಕೇಳುತ್ತ ನೆಲದ ಮೇಲೆ ಅಂಗಾತ ಮಲಗಿದೆ. ಹಾಗೆ ಮಲಗಿದರೆ ಸ್ಪಂಜಿನ ಸಂದಿಯಲ್ಲಿ ಇವರ ಮುಖ ಕಾಣುತ್ತದೆ, ಚಾವಣಿಗೆ ಅಂಟಿಸಿದ ಹಾಗೆ. ಕೆನ್ನೆ ಜೋತುಬಿದ್ದು ಬೇರೆ ಯಾರೋ ಎನ್ನಿಸುತ್ತದೆ.

"ಏನು ನೋಡ್ತಿದೀಯಾ?"

"ಗಡ್ಡ ಬೆಳೆದಿದೆ" ಎಂದೆ.

ಜೂನ್ 18, ಬುಧವಾರ

ಮಗಳು ಬಂದಿದ್ದಳು. ಬೇರೆ ದಿನ ಬರಬಹುದಿತ್ತು. ಇವತ್ತು ಕಮ್ಮಾರನಿಗೂ ಒಬ್ಬ ಗಾಡಿ ಹೊಡೆಯುವವನಿಗೂ ಪಂದ್ಯ ಇಟ್ಟಿದ್ದೆ. ಯೂನಿಟ್ಟಿನಲ್ಲಿ ಬಟ್ಟೆ ಕತ್ತರಿಸುವಾಗಲೇ ಹದಿಮೂರನೇ ಸುತ್ತಿನವರೆಗೆ ಯೋಚಿಸಿಕೊಂಡಿದ್ದೆ. ಒಂದು ಕೋಟಿನ ತೋಳು ತಲೆಕೆಳಗಾಗಿ ಕತ್ತರಿಸಿ ಮೇಡಂ ಕೈಲಿ ಬೈಸಿಕೊಂಡದ್ದೂ ಆಯಿತು.

ಮಗಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ನಾನು, "ಎಡಗೈ ಎತ್ತಿದ, ಎತ್ತಿದ, ಸುಳ್ಳು ಎಡಗೈ ರೀ ಅದು, ಬಲದಲ್ಲಿ ಕೊಟ್ಟ!" ಎನ್ನುತ್ತಿದ್ದೆ. ಇವರು, "ನಂಗೊತ್ತಿತ್ತು, ನಂಗೊತ್ತಿತ್ತು" ಎಂದು ಕೂಗುತ್ತಿದ್ದರು. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಅಲ್ಲೇ ನಿಂತಳು.

ಅಡುಗೆಮನೆಯಲ್ಲಿ ಕೇಳಿದಳು: "ಅಮ್ಮ, ನೀವಿಬ್ರೂ ಯಾವಾಗಿನಿಂದ ಹೀಗೆ?"

"ಹೀಗೆ ಅಂದ್ರೆ?"

"ಏನಿಲ್ಲ" ಎಂದು ಈರುಳ್ಳಿ ಹೆಚ್ಚತೊಡಗಿದಳು. ಏನು ಕೇಳಿದಳೋ ಅರ್ಥವಾಗಲಿಲ್ಲ. ಹೋಗುವಾಗ ಬಹಳ ಖುಷಿಯಲ್ಲಿದ್ದಳು.

ಜೂನ್ 20, ಶುಕ್ರವಾರ

ಡಾಕ್ಟರು ಹೇಳಿದರು. ಪರದೆ ಮತ್ತೆ ಎದ್ದಿದೆ. ಸೋಮವಾರ ಇನ್ನೊಂದು ಆಪರೇಷನ್.

ಹೇಳುತ್ತ ಹೇಳುತ್ತ, "ಹೋದ ಸಲವೇ ನಿಮ್ಮನೆಯವರಿಗೆ ಸೂಚನೆ ಕೊಟ್ಟಿದ್ದೆ" ಎಂದುಬಿಟ್ಟರು.

ಇವರು ತಲೆ ಎತ್ತಿ ನನ್ನ ಕಡೆ ನೋಡಿದರು. ಎತ್ತಬಾರದಿತ್ತು. ನೋಡಿದರು.

ಟ್ಯಾಕ್ಸಿಯಲ್ಲಿ ಕೇಳಿದ್ದು ಒಂದೇ. "ಸೂಪರ್‌ವೈಸರ್ ಫೋನ್ ಮಾಡಿದಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಮನೆಗೆ ಬಂದು ಸೂಪರ್‌ವೈಸರಿಗೆ ತಾವೇ ತಡವಿಕೊಂಡು ಫೋನ್ ಮಾಡಿದರು. ತೂಕದ ಕಟ್ಟೆಯ ಕೆಲಸ ಬುಧವಾರವೇ ಇನ್ನೊಬ್ಬರಿಗೆ ಹೋಗಿದೆ.

ಜೂನ್ 21, ಶನಿವಾರ

ಮಾತಿಲ್ಲ.

ಜೂನ್ 22, ಭಾನುವಾರ

ಮಾತಿಲ್ಲ. ಮೊದಲಿನ ಮೌನ ಇದಲ್ಲ. ಅದು ಅಭ್ಯಾಸವಾಗಿತ್ತು, ಇದರಲ್ಲಿ ಮನೆಯೊಳಗೆ ಓಡಾಡಲು ಕಾಲೇ ಬರುವುದಿಲ್ಲ. ಹನಿ ಹಾಕುವಾಗ ಔಷಧಿ ಇವರ ಕೆನ್ನೆಯ ಮೇಲೆ ಹೋಯಿತು. ಒರೆಸಿ ಮತ್ತೆ ಹಾಕಿದೆ.

ಜೂನ್ 23, ಸೋಮವಾರ

ಎರಡನೇ ಆಪರೇಷನ್ ಆಯಿತು. ಮತ್ತೆ ಬೋರಲು.

ಜೂನ್ 25, ಬುಧವಾರ

ಬೆಳಿಗ್ಗೆ ಕೆಲಸಕ್ಕೆ ಹೊರಟು ನಿಂತಿದ್ದೆ.

"ಕಮ್ಮಾರನ ಪಂದ್ಯ ಓದು."

"ಯಾವುದು? ಹೊಸದಾ?"

"ಇಲಿಯದು. ನಿಜವಾಗಿ ಆಗಿದ್ದು."

ಚೀಲ ಅಲ್ಲೇ ಇಟ್ಟು ಕೂತೆ. ನಿಮಗೆ ಯಾವಾಗ ತಿಳಿಯಿತು ಎಂದು ಕೇಳಿದೆ.

"ಅವತ್ತೇ. ನಾಕ್‌ಔಟ್ ಆದ್ರೆ ಅದು ಹತ್ತು ಸಲ ಟಿಕ್ ಟಿಕ್ ಅನ್ನುತ್ತೆ, ರೆಫರಿ ಎಣಿಸೋ ಹಾಗೆ. ನಾನು ಕಿವಿ ಕೊಟ್ಟು ಕಾಯ್ತಾನೇ ಇದ್ದೆ, ಒಂದೂ ಬರ್ಲಿಲ್ಲ."

"ಮತ್ತೆ ಭಲೇ ಕಮ್ಮಾರ ಅಂದ್ರಿ?"

"ಇನ್ನೇನ್ ಅನ್ಲಿ? ನಿನ್ನ ದನಿ ಅಳೋ ಹಾಗಿತ್ತು."

"ಆಮೇಲೆ ಅಷ್ಟೊಂದು ಪಂದ್ಯ ಕೇಳಿದ್ರಲ್ಲ! ಹಡಗಿನ ಕೂಲಿಯವನು, ಗಾಡಿಯವನು..."

"ಚೆನ್ನಾಗಿ ಹೇಳ್ತಿದ್ದೆ" ಎಂದರು. "ಆ ಪ್ರೋಗ್ರಾಂ ಅಪ್ಪನಾಣೆಗೂ ಮೂಗು ಸೀಟೋದನ್ನ ಬರೆಯಲ್ಲ. ಅದೆಲ್ಲ ಆಟ. ಆಟದಲ್ಲಿ ನೀನು ಏನ್ ಹೇಳಿದ್ರೂ ಕೇಳ್ತಿದ್ದೆ. ಕಣ್ಣು ಆಟ ಅಲ್ಲ ಕಣೇ."

ಯೂನಿಟ್ಟಿಗೆ ಫೋನ್ ಮಾಡಿ ತಡವಾಗುತ್ತದೆ ಎಂದೆ. ಹಳೆಯ ಪಂದ್ಯ ತೆರೆದು ಮೊದಲಿನಿಂದ ಓದಿದೆ. ಹದಿನಾಲ್ಕನೇ ಸುತ್ತಿಗೆ ಬಂದಾಗ ನಿಲ್ಲಿಸದೆ ಓದಿದೆ: ಗಾಯ, ಕಮ್ಮಾರ, ಕಣ್ಣು.

"ಅಲ್ಲಿ ನಿಲ್ಲಿಸು" ಎಂದರು. "ಇದನ್ನ ನೀನು ಓದ್ಲೇ ಇಲ್ಲ."

"ಇಲ್ಲ."

"ನಾನು ಮುನ್ನುಗ್ಗು ಅಂದೆ."

"ಹೌದು."

"ಗಾಯ ಆಗಿದೆ ಅಂತ ಗೊತ್ತಿದ್ರೆ ದೂರ ನಿಲ್ಲಿಸ್ತಿದ್ದೆ. ಆಗ್ಲೂ ಸೋಲ್ತಿದ್ನೋ ಏನೋ. ಆದ್ರೆ ಮುಂದೇನು ಮಾಡ್ಬೇಕು ಅಂತ ನಾನು ಹೇಳ್ಬೇಕಿತ್ತು. ನನ್ನ ಬಾಕ್ಸರು ಅವನು."

ಇವರು ಕಮ್ಮಾರನ ಮಾತನ್ನಷ್ಟೇ ಆಡುತ್ತಿದ್ದಾರೆ ಎಂದು ನನಗನ್ನಿಸಲಿಲ್ಲ. ತಪ್ಪಾಯಿತು ಎಂದೆ. ಇನ್ನು ಮೇಲೆ ಇದ್ದದ್ದು ಇದ್ದ ಹಾಗೆ ಓದುತ್ತೇನೆ ಎಂದೂ ಹೇಳಿದೆ. "ಹದಿನೈದು ಓದು" ಎಂದರು.

ಹತ್ತೊಂಬತ್ತರವರೆಗೂ ಓದಿದೆ. ರೆಫರಿ ನಿಲ್ಲಿಸಿದ ಸಾಲನ್ನು ಎರಡು ಸಲ ಓದಿಸಿಕೊಂಡರು.

ಜೂನ್ 27, ಶುಕ್ರವಾರ

ಇವರು ಮೇಷ್ಟ್ರಿಗೆ, "ಎತ್ತಿ ಮಾರಾಯ್ರೇ, ಎಲ್ಲ ಗೊತ್ತಾಗಿದೆ" ಎಂದು ಮೆಸೇಜು ಕಳಿಸಲು ಹೇಳಿದರು. ಮರುಕ್ಷಣ ಮೇಷ್ಟ್ರೇ ಫೋನ್ ಮಾಡಿದರು. ಫೋನ್ ನೆಲದ ಮೇಲಿಟ್ಟೆ. ಇಬ್ಬರೂ ಚಿಕ್ಕ ಹುಡುಗರ ಹಾಗೆ ಕಚ್ಚಾಡಿದರು.

"ಫೋನ್ ಎತ್ತದೇ ಇದ್ದದ್ದು ನನ್ನ ಜೀವನದಲ್ಲೇ ದೊಡ್ಡ ಕಷ್ಟ. ಗೆದ್ದವನಿಗೆ ಹೇಳ್ಕೊಳ್ಳೋಕೆ ಯಾರೂ ಇಲ್ಲ!" ಎಂದರು ಮೇಷ್ಟ್ರು.

ಮತ್ತೆ ಪಂದ್ಯ ಇಡಿ, ಕಮ್ಮಾರನಿಗೆ ಮೊದಲ ಅವಕಾಶ ಎಂದೂ ಹೇಳಿದರು. ಇವರು ಬೇಡ ಎಂದರು.

ಬಾಕ್ಸರನ್ನು ನಿವೃತ್ತಿ ಮಾಡಲು ಒಂದೇ ಒಂದು ಗುಂಡಿ. ಒತ್ತಿದರೆ "ಖಚಿತವೇ?" ಎಂದು ಕೇಳುತ್ತದೆ. ನಾನೂ ಕೇಳಿದೆ. "ಒಂದು ಕಣ್ಣಲ್ಲಿ ನಿಲ್ಲೋಕಾಗಲ್ಲ ಅವನಿಗೆ. ಒತ್ತು" ಎಂದರು. ಒತ್ತಿದೆ. ಪಟ್ಟಿಯಿಂದ ಹೆಸರು ಹೋಯಿತು. ಸಂಜೆ ಇವರು ಊಟ ಸರಿಯಾಗಿ ಮಾಡಲಿಲ್ಲ, ನನಗೂ ಸೇರಲಿಲ್ಲ.

ಜುಲೈ 8, ಮಂಗಳವಾರ

ಇವರು ನೆಟ್ಟಗೆ ಕೂತರು! ಕುತ್ತಿಗೆ ಹಿಡಿದುಕೊಂಡು, ಹಡಗಿನಿಂದ ಇಳಿದವರ ಹಾಗೆ ಮನೆಯೆಲ್ಲ ತೂರಾಡಿದರು. ಕಣ್ಣೊಳಗಿನ ಗುಳ್ಳೆ ಇನ್ನೂ ಇದೆ, ಅದರ ಅಂಚು ಬಾಟಲಿಯೊಳಗಿನ ನೀರಿನ ಹಾಗೆ ಅಲುಗಾಡುವುದು ಕಾಣುತ್ತದಂತೆ.

ಸ್ಪಂಜನ್ನು ಬಿಸಾಡುತ್ತೇನೆ ಎಂದೆ. "ದಿನಾ ಅದರೊಳಗೆ ಮುಖ ಇಟ್ಟು ಮಲಗಿ ಮಲಗಿ ಅದರ ವಾಸನೆಯೇ ಸಾಕಾಗಿಹೋಗಿದೆ" ಎಂದು ತಾವೇ ಎತ್ತಿಕೊಂಡು ಹೋಗಿ ಕಸದ ಡಬ್ಬಿಗೆ ತುರುಕಿ ಬಂದರು.

ಜುಲೈ 24, ಗುರುವಾರ

ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದರು. ನಾನೇ ಕೇಳಿಕೊಂಡಿದ್ದೆ, ಏನಿದ್ದರೂ ಇವರ ಮುಂದೆಯೇ ಹೇಳಿ ಎಂದು. ಪರದೆ ಈ ಸಲ ನಿಂತಿದೆ. ದೊಡ್ಡ ಅಕ್ಷರ ಕಾಣುತ್ತದೆ, ಗೆರೆಗಳು ಸೊಟ್ಟಗೆ ಕಾಣುತ್ತವೆ, ಅದು ಹಾಗೇ ಇರುತ್ತದೆ.

"ಕ್ರೇನ್?" ಎಂದು ಕೇಳಿದರು.

ಡಾಕ್ಟರು ಇಲ್ಲ ಎಂದು ತಲೆ ಆಡಿಸಿದರು.

ಅಲ್ಲಿಂದ ನೇರ ಗೋದಾಮಿಗೆ ಹೋದೆವು. ನಾನು ಒಳಗೆ ಕಾಲಿಟ್ಟದ್ದು ಇದೇ ಮೊದಲು. ಹೊರಗಿನವರಿಗೆ ಬಾಗಿಲ ಬಳಿ ಹಳದಿ ಗೆರೆ ಎಳೆದಿದ್ದಾರೆ, ಅದರಾಚೆ ಹೋಗಬಾರದು. ಇವರು ಗೆರೆಯ ಈಚೆ, ನನ್ನ ಜೊತೆಗೇ ನಿಂತರು. ಮೇಲೆ, ಮೂರಂತಸ್ತಿನ ಎತ್ತರದಲ್ಲಿ, ಗಾಜಿನ ಪುಟ್ಟ ಡಬ್ಬಿ. ಅದರಲ್ಲಿ ಬೇರೆ ಯಾರೋ ಕೂತಿದ್ದರು. ಉಕ್ಕಿನ ಸುರುಳಿಯೊಂದು ನೇತಾಡುತ್ತ ಬಂತು.

"ಬೇಗ ಇಳಿಸ್ತಿದಾನೆ" ಎಂದರು ಇವರು. ಸುರುಳಿ ಧಡ್ ಎಂದು ಕೂತಿತು. "ಹೇಳ್ಲಿಲ್ವಾ?"

ಸೂಪರ್‌ವೈಸರ್ ಬಂದು ಕೈ ಹಿಡಿದುಕೊಂಡರು. ತಂತಿಹಗ್ಗ, ಸರಪಳಿ, ಕೊಕ್ಕೆಗಳ ತಪಾಸಣೆಗೆ ಜನ ಬೇಕಾಗಿದ್ದಾರಂತೆ. ಹಗ್ಗದಲ್ಲಿ ಎಳೆ ಕಿತ್ತಿದೆಯೇ ಎಂದು ಬಟ್ಟೆ ಹಿಡಿದು ಸವರಿ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಕೈಯಲ್ಲೇ ನೋಡುವ ಕೆಲಸ. ಇವರು ಹತ್ತಿರದಲ್ಲೇ ಬಿದ್ದಿದ್ದ ಒಂದು ಹಗ್ಗವನ್ನು ಸುಮ್ಮನೆ ಕೈಗೆತ್ತಿಕೊಂಡು ಸವರಿದರು.

"ಸೋಮವಾರದಿಂದ ಬರ್ತೀನಿ" ಎಂದರು.

ಮನೆಯ ಮೆಟ್ಟಿಲ ಮೇಲೆ ಒಂದು ಗಳಿಗೆ ಕೂತುಬಿಟ್ಟರು. ನಾನೂ ಕೂತೆ. ಅತ್ತರು. ಡಾಕ್ಟರು ಅಳಬೇಡಿ ಎಂದೇನೂ ಹೇಳಿರಲಿಲ್ಲ, ಹಾಗಾಗಿ ನಾನು ಸುಮ್ಮನಿದ್ದೆ.

ಜುಲೈ 30, ಬುಧವಾರ

ಕಮ್ಮಾರನ ಜಾಗ ಖಾಲಿ ಇದೆ, ಒಬ್ಬನನ್ನು ನೀನೇ ಮಾಡು ಎಂದರು ಇವರು. ನಿನ್ನ ಹುಡುಗ, ನಾನು ಬಾಯಿ ಹಾಕುವುದಿಲ್ಲ ಎಂದರು. ಆಮೇಲೆ ಪ್ರತಿಯೊಂದಕ್ಕೂ ಬಾಯಿ ಹಾಕಿದರು.

ಉದ್ದ ಕೈ, ತೆಳು ಮೈ, ಏಟಿಗಿಂತ ಉಸಿರು ಗಟ್ಟಿ. ಸೂಜಿ ಎಂದು ಹೆಸರಿಟ್ಟೆ.

"ಸೂಜಿ ಅಂತ ಬಾಕ್ಸರಿಗೆ ಯಾರಾದ್ರೂ ಹೆಸರಿಡ್ತಾರಾ ತಂಗಿ?" ಎಂದರು ಮೇಷ್ಟ್ರು ಫೋನಿನಲ್ಲಿ.

"ಇಲಿ ಅಂತ ಇಟ್ಟವರು ಕೇಳ್ಬೇಕಾದ ಮಾತಾ ಮೇಷ್ಟ್ರೇ ಇದು?"

ಇವರು ನೀರು ಕುಡಿಯುತ್ತಿದ್ದರು, ನೆತ್ತಿಗೇರಿತು.

ಸೆಪ್ಟೆಂಬರ್ 6, ಶನಿವಾರ

ಬಹಳ ದಿನದಿಂದ ಬರೆದಿಲ್ಲ. ಹನಿ ಒಂದೇ ಆಗಿದೆ, ಬರೆದಿಡುವುದೇನೂ ಇಲ್ಲ. ಹೊತ್ತೂ ಸಿಗುವುದಿಲ್ಲ. ಸಂಜೆ ಸೂಜಿಯ ಪಂದ್ಯಗಳು, ಭಾನುವಾರ ಮೇಷ್ಟ್ರ ಫೋನು, ಇವರು ಕೆಲಸದಿಂದ ಬಂದರೆ ಅವತ್ತು ಯಾವ ಹಗ್ಗ ತೆಗೆದುಹಾಕಿಸಿದರು, ಸೂಪರ್‌ವೈಸರ್ ಏನೆಂದರು ಎನ್ನುವ ಕಥೆ ಊಟದವರೆಗೂ.

ಇವತ್ತು ಬರೆಯಲೇಬೇಕು. ಪಟ್ಟದ ಪಂದ್ಯದಲ್ಲಿ ಸೋತೆವು.

ಇಲಿಯ ಎದುರು ಸೂಜಿ. ನನಗೆ ಪರದೆ ನೋಡಲು ಧೈರ್ಯ ಸಾಲಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಕೂತೆ. ಇವರು ಅಕ್ಷರ ದೊಡ್ಡದು ಮಾಡಿಕೊಂಡು, ಮೂಗು ಪರದೆಗೆ ತಾಗುವಷ್ಟು ಬಗ್ಗಿ ಓದಿದರು. ಒಂದೊಂದು ಸಾಲಿಗೂ ತಡವರಿಸುತ್ತಾರೆ, ನನಗೆ ಜೀವ ಬಾಯಿಗೆ ಬರುತ್ತದೆ.

"ಸುತ್ತು ಇಪ್ಪತ್ತೆರಡು. ಗಾಯ. ಸೂಜಿ. ತುಟಿ."

"ಜೋರಾ?"

"ಜೋರೇ. ರಕ್ತ ಅಂತ ಇದೆ."

"ದೂರವಿರು ಅಂತ ಹಾಕಿ."

ಹಾಕಿದರು. ಮೂವತ್ತರ ಹೊತ್ತಿಗೆ ಇಲಿ ಸುಸ್ತಾದ. ಮೂವತ್ತಾರರಲ್ಲಿ ಸೂಜಿ ಅವನನ್ನು ಹಗ್ಗಕ್ಕೆ ಒರಗಿಸಿ ಏಳೇಟು ಕೊಟ್ಟ. ಇವರು ಏಳನ್ನೂ ಒಂದೊಂದಾಗಿ ಓದಿದರು. ಮುನ್ನುಗ್ಗು ಎಂದು ಕಿರುಚಿದೆ. ಪಕ್ಕದ ಮನೆಯವರು ಗೋಡೆ ಬಡಿದರು. ಸಂಜೆ ಏಳು ಗಂಟೆಗೆಲ್ಲ ಗೋಡೆ ಬಡಿಯುವುದೇನು, ಬಡಿಯಲಿ.

ನಲವತ್ತೈದೂ ಸುತ್ತು ಮುಗಿಯಿತು. ಇಬ್ಬರೂ ಕಾಲ ಮೇಲೇ ನಿಂತಿದ್ದರು. ರೆಫರಿ ತೀರ್ಪು. ಇವರು ಓದುವ ಮೊದಲು ಒಮ್ಮೆ ನನ್ನ ಕಡೆ ತಿರುಗಿ, ಮತ್ತೆ ಪರದೆಗೆ ಬಗ್ಗಿ, "ಇಲಿ. ಒಂದೇ ಸುತ್ತು ಹೆಚ್ಚು. ಸೋತ್ವಿ" ಎಂದರು.

"ಇನ್ನೊಂದ್ಸಲ ಓದಿ."

ಓದಿದರು. ಅದೇ.

"ಆ ರೆಫರಿಗೆ ಕಣ್ಣು ಕಾಣ್ಸುತ್ತಾ ರೀ?" ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಇವರು ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ನಕ್ಕರು, ಉಸಿರು ಸಿಕ್ಕಿಕೊಳ್ಳುವ ಹಾಗೆ. ಅಷ್ಟರಲ್ಲಿ ಮೇಷ್ಟ್ರ ಫೋನ್ ಬಂತು. ಇವರು ಕೈ ಚಾಚಿದರೂ ಕೊಡಲಿಲ್ಲ, ನಾನೇ ಎತ್ತಿದೆ. ಮೂವತ್ತಾರನೇ ಸುತ್ತನ್ನು ಯಾರ ಲೆಕ್ಕಕ್ಕೆ ಹಾಕಿದ್ದಾನೆ ನಿಮ್ಮ ರೆಫರಿ, ಮೊದಲು ಅದನ್ನು ಹೇಳಿ ಎಂದೆ. ಮೇಷ್ಟ್ರು ಅವನು ಯಾರ ರೆಫರಿಯೂ ಅಲ್ಲ ಎಂದರು. ಇವರು ಪಕ್ಕದಿಂದ, "ಮೂವತ್ತೊಂದನ್ನೂ ಕೇಳು, ಮೂವತ್ತೊಂದೂ ನಮ್ದೇ" ಎಂದು ಮೊಣಕೈಯಿಂದ ತಿವಿದರು. ಅಡುಗೆಮನೆಯಲ್ಲಿ ಒಲೆಯ ಮೇಲಿಟ್ಟ ಹಾಲು ಸುಂಯ್ ಎಂದು ಉಕ್ಕಿ ಹೋಗುವುದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಏಳಲಿಲ್ಲ.